ಮೊದಲು ಸೋಸಿ, ಆಮೇಲೆ ಕುದಿಸಿ

ಮಳೆಗಾಲ ಹಿಡಿಯಿತೆಂದರೆ ಪುಣೆಯ ಕೋಥರೂಡದ ಕನ್ನಡ ಮನೆಗಳಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕುಡಿಯುವ ನೀರಿನವು. ‘ಊರಿನಿಂದ ತಂದ ಸ್ಟೀಲ್ ಫಿಲ್ಟರ್ ಇದೆ. ಕ್ಯಾಂಡಲ್ ಬದಲಿಸಿದರೆ ಸಾಕೋ, ಆರ್‌ಓ ಹಾಕಿಸಲೇಬೇಕೋ?’ ಎಂದು ಡಹಾಣೂಕರ್ ಕಾಲನಿಗೆ ಹೊಸದಾಗಿ ಬಾಡಿಗೆಗೆ ಬಂದ ಧಾರವಾಡದ ದಂಪತಿ ಕೇಳುತ್ತಾರೆ. ಮಯೂರ್ ಕಾಲನಿಯ ವಿಜಯಪುರದ ಅಜ್ಜಿಯೊಬ್ಬರಿಗೆ ಮಗ ಆರ್‌ಓ ಕೂಡಿಸಿಕೊಟ್ಟಿದ್ದಾನೆ. ಆ ನೀರಿನ ರುಚಿ ಅವರಿಗೆ ಹಿಡಿಸಿಲ್ಲ, ಅಟ್ಟದ ಮೇಲಿನ ಹಳೆಯ ಫಿಲ್ಟರ್ ಮತ್ತೆ ಇಳಿಸಲೇ ಎನ್ನುತ್ತಾರೆ. ಗಣೇಶನಗರದಲ್ಲಿ ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಹೊರಬರುವಾಗಲೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಇದನ್ನೇ ಕೇಳುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಹಾನಗರ ಪಾಲಿಕೆಯ ನಳದ ನೀರನ್ನೇ ಕುಡಿಯುವ ಕೋಥರೂಡದ ಮನೆಗೆ ಒಳ್ಳೆಯ ಕ್ಯಾಂಡಲ್ ಫಿಲ್ಟರ್ ಮತ್ತು ಗ್ಯಾಸ್ ಒಲೆ ಇದ್ದರೆ ಸಾಕು. ಆರ್‌ಓ ಬೇಕಾಗಿಲ್ಲ. ಆದರೆ ಕ್ಯಾಂಡಲ್ ಇದೆಯಲ್ಲ ಎಂದು ಒಲೆ ಹೊತ್ತಿಸುವುದನ್ನು ಬಿಟ್ಟರೆ ಆಗದು. ಮೊದಲು ಸೋಸಬೇಕು, ಆಮೇಲೆ ಕುದಿಸಬೇಕು. ಈ ಕ್ರಮವನ್ನು ತಿರುವುಮುರುವು ಮಾಡುವ ಮನೆಗಳೇ ಹೆಚ್ಚು. ಅದಕ್ಕೊಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಮೊದಲು ನಮ್ಮ ನೀರಿನ ಮಾತು. ಪುಣೆಯ ನೀರಿನ ಬಹುಪಾಲು ಖಡಕ್‌ವಾಸಲಾ ಅಣೆಕಟ್ಟಿನಿಂದ ಬರುತ್ತದೆ. ಅದರ ಬೆನ್ನಿಗೆ ಪಾನಶೇತ್, ವರಸಗಾಂವ್, ಟೇಮಘರ್ ಅಣೆಕಟ್ಟುಗಳಿವೆ. ಸಹ್ಯಾದ್ರಿಯ ತಲೆಯ ಮೇಲೆ ಸುರಿದ ಮಳೆ ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಹರಿದು ಬಂದು ಇಲ್ಲಿ ನಿಲ್ಲುತ್ತದೆ. ಬಂಡೆಯಲ್ಲಿ ಹೆಚ್ಚು ಹೊತ್ತು ಇಂಗಿರದ ಮಳೆನೀರಾದ್ದರಿಂದ ಇದರಲ್ಲಿ ಕರಗಿದ ಲವಣ ಬಹಳ ಕಡಿಮೆ. ವಿಜಯಪುರ, ಬಾಗಲಕೋಟೆಯ ಬೋರಿನ ನೀರಿಗೆ ಹೊಂದಿಕೊಂಡವರು ಪುಣೆಗೆ ಬಂದ ಮೊದಲ ವಾರವೇ ‘ಇಲ್ಲಿ ಸಾಬೂನು ತೊಳೆದಷ್ಟೂ ಜಾರುತ್ತದೆ, ಬೇಳೆ ಬೇಗ ಬೇಯುತ್ತದೆ’ ಎನ್ನುವುದು ಇದಕ್ಕೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಮ್‌ವರೆಗೆ ಕರಗಿದ ಘನವಸ್ತು, ಅಂದರೆ ಟಿಡಿಎಸ್, ಇದ್ದರೆ ತಕರಾರಿಲ್ಲ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 2000ದವರೆಗೂ ಸಹಿಸಬಹುದು ಎನ್ನುತ್ತದೆ ಆ ಮಾನಕ. ಖಡಕ್‌ವಾಸಲಾದ ನೀರು 500ರ ಹತ್ತಿರಕ್ಕೂ ಹೋಗುವುದಿಲ್ಲ.

ಆರ್‌ಓ ಯಂತ್ರ ಹುಟ್ಟಿದ್ದೇ ಕರಗಿದ ಲವಣ ತೆಗೆಯಲು. ಲವಣ ಕಡಿಮೆಯಿರುವ ನೀರಿಗೆ ಅದನ್ನು ಹಚ್ಚಿದರೆ ಇರುವ ಅಷ್ಟಿಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೋಗಿ ನೀರು ಸಪ್ಪೆಯಾಗುತ್ತದೆ. ಮಯೂರ್ ಕಾಲನಿಯ ಅಜ್ಜಿಯ ನಾಲಿಗೆ ಸರಿಯಾಗಿಯೇ ಹೇಳಿದೆ. ಅದರ ಜೊತೆಗೆ, ಮನೆಬಳಕೆಯ ಸಾಮಾನ್ಯ ಆರ್‌ಓ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಡಲು ಸುಮಾರು ಮೂರು ಲೀಟರ್ ನೀರನ್ನು ಹೊರಗೆ ಬಿಡುತ್ತದೆ. ಬೇಸಿಗೆ ಬಂದರೆ ನೀರು ಕಡಿತದ ಮಾತು ಶುರುವಾಗುವ ಊರಿನಲ್ಲಿ ಇದು ನನಗೆ ಸಂಕಟದ ವಿಷಯ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದೂ ಈ ಲೆಕ್ಕದ ಮೇಲೆಯೇ.

ಖಡಕ್‌ವಾಸಲಾ ಎಂದಾಗ ಕನ್ನಡಿಗರು ನೆನೆಯಬೇಕಾದ ಹೆಸರೊಂದಿದೆ. ಪುಣೆಯಲ್ಲೇ ಎಂಜಿನಿಯರಿಂಗ್ ಓದಿದ ಎಂ. ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಅಳವಡಿಸಿದ್ದು ಈ ಅಣೆಕಟ್ಟಿಗೆ, 1903ರಲ್ಲಿ. ಇದು ಬಹಳ ಜನರಿಗೆ ಗೊತ್ತು. ನಮ್ಮ ಇವತ್ತಿನ ವಿಷಯಕ್ಕೆ ಹತ್ತಿರವಾದದ್ದು ಅದಕ್ಕೂ ಮೊದಲು ಸಿಂಧ್ ಪ್ರಾಂತ್ಯದ ಸಕ್ಕರ್‌ನಲ್ಲಿ ಅವರು ಮಾಡಿದ ಕೆಲಸ. ಸಿಂಧೂ ನದಿಯ ನೀರು ಸದಾ ರಾಡಿ. ಅದನ್ನು ಸೋಸುವ ದೊಡ್ಡ ಕಟ್ಟಡ ಕಟ್ಟಲು ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ನದಿಯ ಮರಳಿನ ಮೂಲಕವೇ ನೀರು ಜಿನುಗಿ ತಿಳಿಯಾಗಿ ಬರುವಂತೆ ಮಾಡಿದರು. ಸಣ್ಣ ರಂಧ್ರಗಳ ಮೂಲಕ ನಿಧಾನವಾಗಿ ನೀರನ್ನು ದಾಟಿಸುವುದೇ ಅಲ್ಲಿನ ಉಪಾಯ. ನಮ್ಮ ಅಡುಗೆಮನೆಯ ಕ್ಯಾಂಡಲ್ ಮಾಡುವುದೂ ಅದನ್ನೇ, ಇನ್ನಷ್ಟು ಸಣ್ಣ ರಂಧ್ರಗಳಲ್ಲಿ.

ಕ್ಯಾಂಡಲ್ ಅಂದರೆ ಸುಟ್ಟ ಮಣ್ಣು. ಒಳಗೆ ಟೊಳ್ಳು, ಮೇಲೆ ಗುಂಡು ತಲೆ, ಕೆಳಗೆ ವಾಷರ್, ನಟ್ಟು ಹಾಕಿ ಬಿಗಿಯುವ ಕೊಳವೆ. ಬಿಳಿ ಜೇಡಿಯನ್ನೋ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪುಗಳು ಲಕ್ಷಾಂತರ ವರ್ಷ ಶೇಖರವಾಗಿ ಆದ ಹಗುರ ಮಣ್ಣನ್ನೋ ಹದಮಾಡಿ ಅಚ್ಚಿಗೆ ಹಾಕಿ ಸುಡುತ್ತಾರೆ. ಸುಟ್ಟಾಗ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಸಂದುಗಳು ಉಳಿಯುತ್ತವೆ. ಒಳ್ಳೆಯ ಕ್ಯಾಂಡಲ್‌ನಲ್ಲಿ ಈ ಸಂದಿನ ಅಗಲ ಒಂದು ಮೈಕ್ರಾನ್‌ಗಿಂತ ಕಡಿಮೆ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಿರಿದು. ಸಂದುಗಳು ನೇರವಾಗಿಯೂ ಇರುವುದಿಲ್ಲ. ಕಸಬಾ ಪೇಠೆಯ ಹಳೆಯ ಓಣಿಗಳಂತೆ ತಿರುಗಿ, ಕವಲೊಡೆದು, ಕೆಲವು ಕಡೆ ಮುಚ್ಚಿಯೇ ಹೋಗುತ್ತವೆ. ಹಾಗಾಗಿ ಸಂದಿಗಿಂತ ತುಸು ಚಿಕ್ಕದಾದ ಜೀವಿಯೂ ಎಲ್ಲೋ ಒಂದು ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಇಷ್ಟು ಕಿರಿದಾದ ದಾರಿಯಲ್ಲಿ ನೀರು ತನ್ನ ಭಾರದಿಂದಲೇ ಇಳಿಯಬೇಕಾದ್ದರಿಂದ ಒಂದು ಕ್ಯಾಂಡಲ್ ಗಂಟೆಗೆ ಒಂದೆರಡು ಲೀಟರ್ ಕೊಟ್ಟರೆ ಹೆಚ್ಚು. ‘ನಮ್ಮ ಫಿಲ್ಟರ್ ಬಹಳ ನಿಧಾನ’ ಎಂದು ದೂರುವವರಿಗೆ ನಾನು ಹೇಳುವುದಿಷ್ಟೇ: ನಿಧಾನವಾಗಿ ಬರುವ ನೀರನ್ನು ನಂಬಬಹುದು, ತಟ್ಟನೆ ಜೋರಾಗಿ ಬರತೊಡಗಿದರೆ ಹೆದರಬೇಕು.

ಲಂಡನ್ನಿನಲ್ಲಿ ಡೌಲ್ಟನ್ ಕಂಪನಿ ಥೇಮ್ಸ್ ನದಿಯ ಕೊಳಕು ನೀರಿಗಾಗಿ ಸೆರಾಮಿಕ್ ಫಿಲ್ಟರ್ ಮಾಡಿದ್ದು 1827ರಲ್ಲಿ ಎನ್ನುತ್ತಾರೆ. ಆಗ ರೋಗಾಣು ಎಂಬ ಕಲ್ಪನೆಯೇ ಇರಲಿಲ್ಲ, ಕೆಸರು ಹೋದರೆ ಸಾಕಿತ್ತು. ಸೋಸುವುದಕ್ಕೂ ರೋಗಕ್ಕೂ ಇರುವ ನಂಟು ಕಣ್ಣಿಗೆ ಕಟ್ಟಿದ್ದು 1892ರ ಹ್ಯಾಂಬರ್ಗ್ ಕಾಲರಾದಲ್ಲಿ. ಎಲ್ಬೆ ನದಿಯ ನೀರನ್ನು ಹಾಗೆಯೇ ನಳಕ್ಕೆ ಬಿಡುತ್ತಿದ್ದ ಹ್ಯಾಂಬರ್ಗ್‌ನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಒತ್ತಿಗೇ ಇದ್ದ ಆಲ್ಟೋನಾ ಪಟ್ಟಣ ಅದೇ ನದಿಯ ನೀರನ್ನು, ಅದೂ ಹ್ಯಾಂಬರ್ಗ್‌ನ ಚರಂಡಿ ಸೇರಿದ ನಂತರದ ನೀರನ್ನು, ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಅಲ್ಲಿ ಕಾಲರಾ ಹೆಚ್ಚು ಹರಡಲಿಲ್ಲ. ಎರಡೂ ಊರಿನ ಗಡಿಯ ಒಂದೇ ಬೀದಿಯಲ್ಲಿ ಈ ಬದಿಗೆ ರೋಗ, ಆ ಬದಿಗೆ ಇಲ್ಲ. ಜರ್ಮನಿಯ ವಿಲ್ಹೆಲ್ಮ್ ಬೆರ್ಕೆಫೆಲ್ಡ್ ಡಯಾಟಮ್ ಮಣ್ಣಿನ ಕ್ಯಾಂಡಲ್ ರೂಪಿಸಿದ್ದು ಆ ಹೊತ್ತಿನಲ್ಲೇ.

ಅದೇ 1892ರಲ್ಲಿ ಕ್ಯಾಂಡಲ್‌ನ ಮಿತಿಯೂ ಗೊತ್ತಾಯಿತು. ಪಾಶ್ಚರ್ ಅವರ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಚೇಂಬರ್ಲಾಂಡ್ 1884ರಲ್ಲಿ ಪಿಂಗಾಣಿಯ ಫಿಲ್ಟರ್ ಮಾಡಿದ್ದರು. ಬ್ಯಾಕ್ಟೀರಿಯಾ ಯಾವುದೂ ಅದನ್ನು ದಾಟುತ್ತಿರಲಿಲ್ಲ. ರಷ್ಯಾದ ದ್ಮಿತ್ರಿ ಇವನೋವ್‌ಸ್ಕಿ ರೋಗ ತಗುಲಿದ ತಂಬಾಕಿನ ಎಲೆಯ ರಸವನ್ನು ಅದರಲ್ಲಿ ಸೋಸಿ ನೋಡಿದರು. ಸೋಸಿದ ರಸವೂ ಹೊಸ ಗಿಡಕ್ಕೆ ರೋಗ ತಂದಿತು. ನಾವೀಗ ವೈರಸ್ ಎಂದು ಕರೆಯುವುದು ವಿಜ್ಞಾನದ ಕಣ್ಣಿಗೆ ಬಿದ್ದದ್ದೇ ಸೆರಾಮಿಕ್ ಫಿಲ್ಟರನ್ನು ದಾಟಿ ಬಂದ ವಸ್ತುವಾಗಿ. ಕ್ಯಾಂಡಲ್ ಎಲ್ಲವನ್ನೂ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಈ ಪ್ರಯೋಗವನ್ನು ನೆನಪಿಸಿ.

ಇದು ನಮಗೆ ದೂರದ ಮಾತಲ್ಲ. 2025ರ ಜನವರಿಯಲ್ಲಿ ಮುಠಾ ನದಿಯ ಆಚೆ ದಡದ ಸಿಂಹಗಡ ರಸ್ತೆ, ಕಿರ್ಕಟ್‌ವಾಡಿ, ನಾಂದೇಡ್ ಗ್ರಾಮ, ಧಾಯರಿ ಕಡೆ ಗಿಯಾನ್ ಬಾರೆ ಸಿಂಡ್ರೋಮ್, ಪತ್ರಿಕೆಗಳು ಬರೆದಂತೆ ಜಿಬಿಎಸ್, ಕಾಣಿಸಿಕೊಂಡಿತು. ಒಳ್ಳೆಯ ಆರೋಗ್ಯವಿದ್ದವರ ಕೈಕಾಲು ಸೋತು, ಕೆಲವರು ವೆಂಟಿಲೇಟರ್ ಸೇರಿದರು. ಶಂಕಿತ ರೋಗಿಗಳ ಸಂಖ್ಯೆ ಇನ್ನೂರು ದಾಟಿತು. ರೋಗಿಗಳ ಮಲದ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಕೆಲವರಲ್ಲಿ ನೊರೊವೈರಸ್ ಕೂಡ. ಕುಡಿಯುವ ನೀರಿನ ಮೇಲೆ ಗುಮಾನಿ ಬಂತು. ಆ ವಾರಗಳಲ್ಲಿ ಕೋಥರೂಡದ ಅಡುಗೆಮನೆಗಳಲ್ಲೂ ಎಲ್ಲರಿಗೂ ಭಯ. ಒಳ್ಳೆಯ ಕ್ಯಾಂಡಲ್ ಇದ್ದರೆ ಕ್ಯಾಂಪಿಲೊಬ್ಯಾಕ್ಟರ್ ಅದರಲ್ಲಿ ಸಿಕ್ಕಿಬೀಳುತ್ತದೆ. ನೊರೊವೈರಸ್ ಬೀಳುವುದಿಲ್ಲ, ಅದರ ಗಾತ್ರ ಮೈಕ್ರಾನಿನ ನೂರನೇ ಮೂರು ನಾಲ್ಕು ಭಾಗ ಅಷ್ಟೇ. ನೀರಿನಿಂದ ಹರಡುವ ಕಾಮಾಲೆಯನ್ನು ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳೂ ಅಷ್ಟೇ ಸಣ್ಣವು. ಆದರೆ ಈ ಎಲ್ಲವೂ ಕುದಿಯುವ ನೀರಿನಲ್ಲಿ ಸಾಯುತ್ತವೆ. ಮಕ್ಕಳು, ಮುಪ್ಪಿನವರು, ಅದರಲ್ಲೂ ಹೆಪಟೈಟಿಸ್ ಇ ಪ್ರಾಣಕ್ಕೇ ಎರವಾಗಬಲ್ಲ ಗರ್ಭಿಣಿಯರು ಇರುವ ಮನೆಯಲ್ಲಿ ಬರೀ ಕ್ಯಾಂಡಲ್ ನಂಬಿ ಇರಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹಾಗಾದರೆ ಕುದಿಸಿದರೆ ಸಾಕಲ್ಲ, ಕ್ಯಾಂಡಲ್ ಯಾಕೆ? ರಾಡಿ ನೀರನ್ನು ಕುದಿಸಿದರೆ ರಾಡಿ ಹಾಗೆಯೇ ಉಳಿಯುತ್ತದೆ. ಕುದಿಸಲು ಗ್ಯಾಸ್ ಇಲ್ಲದ ದಿನ, ಅವಸರದಲ್ಲಿ ಬಿಸಿಮಾಡಿ ಇಳಿಸಿದ ದಿನ ಕ್ಯಾಂಡಲ್ ಮೊದಲ ಕಾವಲು. ಪಾಲಿಕೆಯ ಕ್ಲೋರಿನ್‌ಗೆ ಜಗ್ಗದ ಜೀವಿಗಳೂ ಇವೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಜೀವಿ ಶುದ್ಧೀಕರಣ ಘಟಕವನ್ನೇ ದಾಟಿ ಸುಮಾರು 4 ಲಕ್ಷ ಜನರಿಗೆ ಭೇದಿ ತಂದಿತು. ಅದರ ಕೋಶದ ಗಾತ್ರ ನಾಲ್ಕರಿಂದ ಆರು ಮೈಕ್ರಾನ್. ಆಮಶಂಕೆ ತರುವ ಅಮೀಬಾ, ಜಿಯಾರ್ಡಿಯಾ ಕೋಶಗಳು ಇನ್ನೂ ದೊಡ್ಡವು. ಕ್ಲೋರಿನ್‌ಗೆ ಸುಲಭವಾಗಿ ಸಾಯದ ಇವುಗಳನ್ನು ಕ್ಯಾಂಡಲ್ ಸುಲಭವಾಗಿ ತಡೆಯುತ್ತದೆ, ಕ್ಯಾಂಡಲ್ ತಡೆಯಲಾರದ ವೈರಸ್ಸನ್ನು ಕ್ಲೋರಿನ್ ಮತ್ತು ಬೆಂಕಿ ಕೊಲ್ಲುತ್ತವೆ.

ಈಗ ಕ್ರಮದ ಮಾತು. ನಮ್ಮ ಉತ್ತರ ಕರ್ನಾಟಕದ ಬಹಳ ಮನೆಗಳಲ್ಲಿ ನೀರು ಕುದಿಸಿ, ಆರಿಸಿ, ಆಮೇಲೆ ಫಿಲ್ಟರಿಗೆ ಸುರಿಯುತ್ತಾರೆ. ಊರಲ್ಲಿ ಅದಕ್ಕೆ ಅರ್ಥವಿತ್ತು. ಬೋರಿನ ಗಡಸು ನೀರು ಕುದಿಸಿದಾಗ ಕರಗಿದ್ದ ಸುಣ್ಣ ಬಿಳಿ ಪುಡಿಯಾಗಿ ತೇಲುತ್ತದೆ, ಪಾತ್ರೆಯ ತಳಕ್ಕೆ ಹಿಡಿಯುತ್ತದೆ. ಆ ಪುಡಿ ತೆಗೆಯಲು ಕುದಿಸಿದ ಮೇಲೆ ಸೋಸಲೇಬೇಕಿತ್ತು. ಅಜ್ಜಿ, ಅವ್ವಂದಿರು ಕಂಡುಕೊಂಡ ಆ ಪದ್ಧತಿ ಸೊಸೆಯಂದಿರ ಜೊತೆ ಪುಣೆಗೂ ಬಂತು. ಇಲ್ಲಿಯ ಮೆತ್ತನೆಯ ನೀರಿನಲ್ಲಿ ಪುಡಿ ಏಳುವುದಿಲ್ಲ, ಪದ್ಧತಿ ಮಾತ್ರ ಉಳಿಯಿತು. ಕುದಿಸಿ ಶುದ್ಧವಾದ ನೀರನ್ನು ತೇವದ ಕ್ಯಾಂಡಲ್, ತೊಳೆದು ಎಷ್ಟೋ ದಿನವಾದ ಕೆಳಗಿನ ಡಬ್ಬಿ, ಎಲ್ಲರ ಕೈ ಸೋಕುವ ನಲ್ಲಿ, ಇವುಗಳ ಮೂಲಕ ಹಾಯಿಸಿದರೆ ಅದು ಮತ್ತೆ ಕೆಡುವ ಸಂಭವ ಹೆಚ್ಚು. ಆದ್ದರಿಂದ ಮೊದಲು ಸೋಸಿ. ಸೋಸಿದ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಮೇಲ್ಮೈ ಎಲ್ಲ ಕೊತಕೊತ ಎದ್ದ ಮೇಲೆ ಒಂದು ನಿಮಿಷ ಸಾಕು, ಹತ್ತು ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಸುಡುವ ಅಗತ್ಯವಿಲ್ಲ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ, ಲೋಟ ಅದ್ದದೆ ಉದ್ದ ಹಿಡಿಯ ಸೌಟಿನಿಂದಲೋ ಬಗ್ಗಿಸಿಯೋ ತೆಗೆದುಕೊಳ್ಳಿ. ಊರಿನಲ್ಲೇ ಇರುವ ಗಡಸು ನೀರಿನ ಓದುಗರು ಕುದಿಸಿದ ನೀರನ್ನು ರಾತ್ರಿಯಿಡೀ ಮುಚ್ಚಿಟ್ಟರೆ ಪುಡಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರಾಯಿತು.

ಕ್ಯಾಂಡಲ್‌ನ ಆರೈಕೆ ದೊಡ್ಡ ಕೆಲಸವಲ್ಲ, ಆದರೆ ಕೈ ಮೃದುವಾಗಿರಬೇಕು. ರಾಡಿ ಮೇಲ್ಮೈಯಲ್ಲೇ ನಿಲ್ಲುವುದರಿಂದ ಸೋರುವುದು ನಿಧಾನವಾದಾಗ ಬಿಚ್ಚಿ, ನೀರಿನ ಕೆಳಗೆ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಸಾಬೂನು, ಪಾತ್ರೆಪುಡಿ ತಾಕಿಸಬೇಡಿ, ಸಂದುಗಳಲ್ಲಿ ಸೇರಿಕೊಂಡರೆ ಹೊರಡುವುದಿಲ್ಲ. ಪ್ರತಿ ಸಲ ಉಜ್ಜಿದಾಗ ಗೋಡೆ ಒಂದಿಷ್ಟು ಸವೆಯುತ್ತದೆ, ಹಾಗಾಗಿ ಆರು ತಿಂಗಳಿಂದ ವರ್ಷದೊಳಗೆ ಬದಲಿಸುವುದು ಕ್ಷೇಮ. ಬೆಳ್ಳಿ ಸೇರಿಸಿದ ಕ್ಯಾಂಡಲ್‌ಗಳಲ್ಲಿ ಆ ಬೆಳ್ಳಿ ಮೇಲ್ಮೈಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಬೆಳೆಯದಂತೆ ನೋಡಿಕೊಳ್ಳುತ್ತದೆ. ಬಿರುಕು ಬಿಟ್ಟ ಕ್ಯಾಂಡಲ್ಲಿಗೆ ಅದು ಮದ್ದಲ್ಲ. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಒಂದು ಸುಲಭ ದಾರಿಯಿದೆ. ಕ್ಯಾಂಡಲ್ಲನ್ನು ನೀರಿನಲ್ಲಿ ಪೂರಾ ನೆನೆಯಲು ಬಿಟ್ಟು, ನೀರಿನೊಳಗೇ ಹಿಡಿದು, ಕೊಳವೆಯ ತುದಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಮೆಲ್ಲಗೆ ಊದಿ. ನೆನೆದ ಸಂದುಗಳು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆಂದರೆ ಮನುಷ್ಯನ ಉಸಿರಿಗೆ ಅದನ್ನು ತಳ್ಳಲು ಆಗದು. ಒಂದೇ ಜಾಗದಿಂದ ಗುಳ್ಳೆಗಳು ಸಾಲಾಗಿ ಎದ್ದರೆ ಅಲ್ಲಿ ಬಿರುಕಿದೆ, ಕೊಳವೆಯ ಬುಡದಿಂದ ಎದ್ದರೆ ಅಂಟು ಬಿಟ್ಟಿದೆ. ಎರಡರಲ್ಲೂ ಕ್ಯಾಂಡಲ್ ಎಸೆಯಬೇಕು. ವಾಷರ್ ಸಡಿಲವಿದ್ದರೂ ಸೋಸದ ನೀರು ಪಕ್ಕದಿಂದ ಕೆಳಗಿಳಿಯುತ್ತದೆ. ಬಹಳ ಮನೆಗಳಲ್ಲಿ ನಾನು ಕಂಡ ದೋಷ ಇದೇ.

ಜುಲೈ, ಆಗಸ್ಟ್‌ನಲ್ಲಿ ನೀರು ಕೆಂಪಗೆ ಬಂದಾಗ ಹಂಡೆಯಲ್ಲಿ ರಾತ್ರಿ ನಿಲ್ಲಿಸಿ, ಬಟ್ಟೆಯಲ್ಲಿ ಗಾಳಿಸಿ ಫಿಲ್ಟರಿಗೆ ಹಾಕಿದರೆ ಕ್ಯಾಂಡಲ್ ಬೇಗ ಕಟ್ಟುವುದಿಲ್ಲ. ಬಟ್ಟೆಯನ್ನು ಕಡೆಗಣಿಸಬೇಡಿ. ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಪದರ ಮಡಚಿ ನೀರು ಸೋಸಲು ಕಲಿಸಿದಾಗ ಕಾಲರಾ ಶೇ 48ರಷ್ಟು ತಗ್ಗಿದ್ದನ್ನು 2003ರಲ್ಲಿ ಪ್ರಕಟಿಸಿದರು. ಕಾಲರಾ ಬ್ಯಾಕ್ಟೀರಿಯಾ ಅಂಟಿಕೊಂಡಿರುವ ಸಣ್ಣ ನೀರಹುಳುಗಳು ಸೀರೆಯಲ್ಲಿ ಸಿಕ್ಕಿಬೀಳುತ್ತವೆ. ಹಳೆಯ ಸೀರೆಯೇ ಆಗಬೇಕು, ಒಗೆದು ಒಗೆದು ನೂಲು ಬಿಚ್ಚಿ ರಂಧ್ರ ಕಿರಿದಾಗಿರುತ್ತದೆ.

ಕ್ಯಾಂಡಲ್, ಒಲೆ ಎರಡೂ ಕೈಚೆಲ್ಲುವ ನೀರೂ ಇದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ನೀರಿನಲ್ಲಿ ಕರಗಿರುತ್ತವೆ, ಯಾವ ಸಂದಿನಲ್ಲೂ ಸಿಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅವುಗಳ ಪ್ರಮಾಣ ಇನ್ನಷ್ಟು ಏರುತ್ತದೆ. ಪಾವಗಡ, ಮುಂಡರಗಿಯಂಥ ಕಡೆಯ ಫ್ಲೋರೈಡ್ ನೀರಿಗೆ, ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯ ಆರ್ಸೆನಿಕ್ ನೀರಿಗೆ ಆರ್‌ಓ ಅಥವಾ ಅದಕ್ಕೆಂದೇ ಮಾಡಿದ ಬೇರೆ ವ್ಯವಸ್ಥೆ ಬೇಕೇ ಬೇಕು. ಅಲ್ಲಿಯ ಓದುಗರು ನಾನು ಕೋಥರೂಡಕ್ಕೆ ಹೇಳಿದ್ದನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಕೋಥರೂಡದಲ್ಲೂ ಬೋರು, ಟ್ಯಾಂಕರ್ ನೀರು ಕುಡಿಯುವ ಸೊಸೈಟಿಗಳಿದ್ದರೆ ಒಮ್ಮೆ ಪುಣೆಯಲ್ಲೇ ಇರುವ ರಾಜ್ಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದಂಥ ಕಡೆ ಪರೀಕ್ಷೆ ಮಾಡಿಸಿ, ವರದಿ ನೋಡಿ ಯಂತ್ರ ಕೊಳ್ಳಿ. ಮಲದ ಸೋಂಕಿದೆಯೇ ಎಂದಷ್ಟೇ ತಿಳಿಯಲು ಎಚ್‌2ಎಸ್ ಬಾಟಲಿ ಸಾಕು. ಮಾಂಜಾ, ಮೌರ್ಯ, ರಾವ್ ಎಂಬ ಭಾರತೀಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಡುತ್ತೀರಿ, ನೀರು ಕಪ್ಪಾದರೆ ಕುಡಿಯಲು ತಕ್ಕದ್ದಲ್ಲ.

ಕೊನೆಗೆ ನಮ್ಮ ಗುರುವಾರಗಳ ವಿಷಯ. ದುರಸ್ತಿಗೆಂದು ಪಾಲಿಕೆ ಹೆಚ್ಚಾಗಿ ಗುರುವಾರ ನೀರು ನಿಲ್ಲಿಸುತ್ತದೆ. ಕೊಳವೆ ಖಾಲಿಯಾದಾಗ ಒಳಗಿನ ಒತ್ತಡ ಇಳಿಯುತ್ತದೆ. ಎಲ್ಲಿಯಾದರೂ ಕೊಳವೆ ಸೋರುತ್ತಿದ್ದು ಪಕ್ಕದಲ್ಲೇ ಚರಂಡಿ ಇದ್ದರೆ ಹೊರಗಿನ ಕೊಳೆ ಒಳಕ್ಕೆ ಎಳೆಯಲ್ಪಡುತ್ತದೆ. ಶುಕ್ರವಾರ ಬೆಳಗಿನ ಮೊದಲ ನೀರು ನೇರವಾಗಿ ಸೊಸೈಟಿಯ ನೆಲದಡಿಯ ಟಾಕಿಗೆ ಬೀಳುತ್ತದೆ. ಆ ನೀರನ್ನು ಒಂದಿಷ್ಟು ಹೊತ್ತು ಹೊರಗೆ, ತೋಟಕ್ಕೆ ಬಿಟ್ಟು ಆಮೇಲೆ ಟಾಕಿಗೆ ತಿರುಗಿಸುವಂತೆ ವಾಚಮನ್‌ಗೆ ಹೇಳಿಡಬೇಕು. ಟಾಕಿಯ ಮುಚ್ಚಳ ಪಾರ್ಕಿಂಗ್‌ನ ನೆಲಮಟ್ಟದಲ್ಲಿದ್ದರೆ ಗಾಡಿ ತೊಳೆದ ನೀರು ಅದರೊಳಗೆ ಇಳಿಯುತ್ತದೆ, ಮುಚ್ಚಳದ ಅಂಚನ್ನು ಒಂದು ಗೇಣಾದರೂ ಎತ್ತರಿಸಿ ಕಟ್ಟಿಸಬೇಕು. ನೆಲದಡಿಯ ಮತ್ತು ಮೇಲಿನ ಟಾಕಿಗಳನ್ನು ಕಳೆದ ಸಲ ತೊಳೆದದ್ದು ಯಾವಾಗ ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ. ಅಡುಗೆಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಉಳಿಕೆ ಕ್ಲೋರಿನ್ ಇರಬೇಕು. ಇದೆಯೇ ಎಂದು ನೋಡಲು ಹನಿ ಹಾಕಿ ಹಳದಿ ಬಣ್ಣ ಅಳೆಯುವ ಸಣ್ಣ ಕಿಟ್ ಸಿಗುತ್ತದೆ. ಇಡೀ ಸೊಸೈಟಿಗೆ ಒಂದು ಕಿಟ್ ಸಾಕು. ಗುರುವಾರ ನೀರು ನಿಂತ ವಾರ ಶುಕ್ರವಾರ ಮತ್ತು ಶನಿವಾರ ಎರಡೂ ದಿನ ನೋಡಿ, ಬಣ್ಣವೇ ಬರದಿದ್ದರೆ ವಾರ್ಡ್ ಕಚೇರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.